ಕೊಳವೆಯಲ್ಲಿ ತಾಳೆ ಎಣ್ಣೆ

ಕೊನೊಂಗೊ
8 ನವೆಂಬರ್ 1997

ಜುವಾಸೊದ ತಾಯಿಮನೆಯ ಹಿರಿಯರಾದ ಟಾಚಿ ಭಾವನವರಿಗೆ, ಮತ್ತು ಅವರ ಅಂಗಳದಲ್ಲಿ ಇಂದು ಸೇರಿರುವ ಎಲ್ಲರಿಗೆ,

ನನ್ನ ಮಗ ಬೊಆದಿಗಾಗಿ ಕಪ್ಪುಬಟ್ಟೆಯುಟ್ಟು ಈ ಎಂಟನೆಯ ದಿನದ ಕೂಟಕ್ಕೆ ಬಂದಿರುವ ನಿಮಗೆಲ್ಲ ನನ್ನ ಕೃತಜ್ಞತೆಗಳು. ಬಾಳೆಗೊನೆ ಹೊತ್ತು ತಂದವರನ್ನೂ, ಕುರ್ಚಿ ಸಾಲು ಹೊಂದಿಸಿದವರನ್ನೂ, ಶವಾಗಾರದ ಬಾಗಿಲಲ್ಲಿ ನನ್ನ ಬದಲು ಸಹಿ ಹಾಕಿದವರನ್ನೂ ನಾನು ಮರೆಯುವವನಲ್ಲ. ಕೂಟದಲ್ಲಿ ಎದ್ದು ನಿಂತರೆ ನನಗೆ ಮಾತು ಬರುವುದಿಲ್ಲ, ವಾದ ಬರುತ್ತದೆ. ಅದು ಕಾಲೇಜಿನ ಚರ್ಚಾಕೂಟದಿಂದ ಅಂಟಿಕೊಂಡ ರೋಗ. ನಮ್ಮ ಪದ್ಧತಿಯಂತೆ ಹಿರಿಯರ ಮುಂದಿನ ಮಾತು ಹೇಗೂ ಇನ್ನೊಬ್ಬರ ಬಾಯಿಂದಲೇ ಹೊರಡಬೇಕಾದ್ದರಿಂದ, ಭಾವನವರು ಇದನ್ನು ಗಟ್ಟಿಯಾಗಿ ಓದಲಿ.

ಕೃತಜ್ಞತೆ ಒಪ್ಪಿಸಿಯಾಯಿತು. ನಿಮ್ಮ ಸಂತಾಪವನ್ನು ಮಾತ್ರ ದಯವಿಟ್ಟು ನಿಮ್ಮೊಡನೆ ಹಿಂದಕ್ಕೆ ಒಯ್ಯಿರಿ. ಮಣ್ಣು ಮಾಡಿದ ದಿನ ಒಂದೇ ಬೆಂಚಿನ ಮೇಲೆ ಕುಳಿತಿದ್ದ ಇಬ್ಬರು ನನ್ನನ್ನು ಸಂತೈಸಿದರು. ಒಬ್ಬರು, "ಮೋಟಾರ್‌ಸೈಕಲ್ ಬಿಚ್ಚಿ ಹಾಕ್ದೇ ಇದ್ದಿದ್ರೆ ಹುಡುಗ ಆ ಹಾಳು ವ್ಯಾನ್ ಹತ್ತುತ್ತಾನೇ ಇರ್ಲಿಲ್ಲ ಮೇಷ್ಟ್ರೇ" ಎಂದರು. ಇನ್ನೊಬ್ಬರು, "ಬಿಡಿ, ಇವತ್ತಲ್ಲ ನಾಳೆ ಆ ಮೋಟಾರ್‌ಸೈಕಲ್ಲೇ ತಗೊಂಡು ಹೋಗ್ತಿತ್ತು" ಎಂದರು. ಒಂದೇ ಯಂತ್ರ ಅವನನ್ನು ಉಳಿಸುತ್ತಿತ್ತು, ಅದೇ ಯಂತ್ರ ಅವನನ್ನು ಕೊಲ್ಲುತ್ತಿತ್ತು. ಇವೆರಡೂ ಏಕಕಾಲಕ್ಕೆ ನಿಜವಾಗಲಾರವು. ಯಾವುದನ್ನೂ ಯಾರೂ ಸಾಧಿಸಿ ತೋರಿಸಲಾರರು. ಸಾಧಿಸಲಾಗದ ಮಾತಿನಿಂದ ನಾನು ಸಮಾಧಾನ ಪಡೆಯುವುದಿಲ್ಲ.

ನಮ್ಮ ಕಟ್ಟಳೆ ನನಗೆ ತಿಳಿದಿದೆ. ಮಕ್ಕಳು ತಾಯಿಮನೆಯವರು. ಸತ್ತ ಮಗನಿಗೆ ತಂದೆ ಕೊಡಬೇಕಾದದ್ದು ಶವಪೆಟ್ಟಿಗೆ, ಅದನ್ನು ಕೊಟ್ಟಿದ್ದೇನೆ. ಅವನ ಅಂಗಿಯಿಂದ ಮೋಟಾರ್‌ಸೈಕಲ್ಲಿನವರೆಗೆ ಉಳಿದದ್ದೆಲ್ಲ ನಿಮ್ಮದು. ಅದಕ್ಕೆ ನನ್ನ ತಕರಾರಿಲ್ಲ. ನನ್ನದು ಒಂದೇ ಬೇಡಿಕೆ. ಪೊಲೀಸರ ಹರಾಜಿನಲ್ಲಿ ಅವನು ಕೊಂಡ ಆ ಜರ್ಮನ್ ಗಾಡಿಗೆ ಎಡಕ್ಕೊಂದು ಬಲಕ್ಕೊಂದು ಸಿಲಿಂಡರು, ಒಂದೊಂದಕ್ಕೂ ಗಾಳಿ-ಪೆಟ್ರೋಲು ಬೆರೆಸುವ ತನ್ನದೇ ಕಾರ್ಬ್ಯುರೇಟರ್. ಅವೆರಡನ್ನೂ ತೊಳೆಯಲೆಂದು ಅವನು ಬಿಚ್ಚಿದ್ದ. ಭಾಗಗಳು ಒಣಗುತ್ತಿದ್ದಾಗಲೇ ವ್ಯಾನು ಹತ್ತಿ ಕುಮಾಸಿಗೆ ಹೊರಟ. ದಾರಿಯಲ್ಲಿ ಕೆಟ್ಟು ನಿಂತ ಆ ವ್ಯಾನಿಗೆ ಹಿಂದಿನಿಂದ ಲಾರಿ ಗುದ್ದಿತು. ಎಡಗಡೆಯ ಭಾಗಗಳು ಇಂದಿಗೂ ಅವನ ತಾಯಿಯ ಮೆಣಸು ಅರೆಯುವ ಮಣ್ಣಿನ ಬಟ್ಟಲಿನಲ್ಲಿ, ಬಲಗಡೆಯವು ಎನಾಮೆಲ್ ಬೋಗುಣಿಯಲ್ಲಿ ಇವೆ. ಅವುಗಳನ್ನು ಮತ್ತೆ ಕೂಡಿಸಿ, ಓಡುವ ಗಾಡಿಯನ್ನು ನಿಮಗೊಪ್ಪಿಸಲು ನನಗೆ ಅವಕಾಶ ಕೊಡಿ. ಬೇರೆಯವರ ಕೈ ಅದಕ್ಕೆ ತಾಗಬಾರದು.

ಇತಿ,
ಯಾವ್ ಸಾರ್ಪೋಂಗ್
ನಿವೃತ್ತ ಮುಖ್ಯೋಪಾಧ್ಯಾಯ

*

ಜುವಾಸೊ
15 ನವೆಂಬರ್ 1997

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರವನ್ನು ಒಂದಕ್ಷರ ಬಿಡದೆ ಓದಿದೆ. ಆ ಬೆಂಚಿನ ಇಬ್ಬರೂ ಮುಂದಿನ ಸಾಲಿನಲ್ಲೇ ಇದ್ದರು. ನಮ್ಮ ಮನೆಯ ಎಸೆ ಎಂಬ ಮುದುಕಿ ಓದು ಮುಗಿದ ಕೂಡಲೆ, "ಸಂತಾಪ ಬೇಡ ಅಂದ್ನಾ? ಸರಿ, ನಾವು ತಂದಿರೋ ಬಾಳೆಕಾಯಿನೂ ವಾಪಸ್ ಕೊಡು ಅನ್ನಿ" ಎಂದಳು. ಸಾವಿನ ಅಂಗಳದಲ್ಲಿ ಜನ ನಕ್ಕರು. ನಕ್ಕದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಎದ್ದು ಹೋಗುತ್ತಿದ್ದರು.

ನಿಮ್ಮ ಬೇಡಿಕೆಗೆ ಮನೆ ಒಪ್ಪಿದೆ. ಗಾಡಿ ಯಾರಿಗೆ ಎಂಬುದೂ ತೀರ್ಮಾನವಾಯಿತು: ಸೆರ್ವಾಗೆ. ಅಣ್ಣನದು ತಂಗಿಗೆ, ಅದೇ ನ್ಯಾಯ. ಉತ್ತರದ ದಮೊಂಗೊದಲ್ಲಿ ನರ್ಸ್ ಆಗಿ ಹಳ್ಳಿಯಿಂದ ಹಳ್ಳಿಗೆ ಲಸಿಕೆಯ ಪೆಟ್ಟಿಗೆ ಹೊತ್ತು ನಡೆಯುತ್ತಿರುವವಳು ಅವಳೇ. ಆ ಕಡೆ ಹೆಂಗಸರು ಮೋಟಾರ್‌ಸೈಕಲ್ ಓಡಿಸುವುದು ನಮ್ಮ ಕಡೆಯ ಹಾಗೆ ದೊಡ್ಡ ಸುದ್ದಿಯಲ್ಲ.

ಹೆಗ್ಗೆಣಸು ತರಲು ನನ್ನ ಲಾರಿ ಉತ್ತರಕ್ಕೆ ಖಾಲಿಯೇ ಹೋಗುತ್ತದೆ. ಗಾಡಿ ಸಿದ್ಧವಾದ ದಿನ ಹೇಳಿ ಕಳಿಸಿ, ಹೇರಿ ಕಳಿಸೋಣ. ವರ್ಷದ ಕರ್ಮದ ತನಕ ಗಡುವು. ಅಷ್ಟು ಬೇಡ ಅಂದುಕೊಂಡಿದ್ದೇನೆ. ಎರಡು ಕಾರ್ಬ್ಯುರೇಟರಿಗೆ ಒಂದು ವರ್ಷವೇ?

ಆಫ್ರಕೋಮಾ ಊಟ ಮಾಡುತ್ತಿದ್ದಾಳೆಯೇ? ನನ್ನ ತಂಗಿ ಕೇಳಿದರೆ ಹೇಳುವವಳಲ್ಲ. ನೀವು ಕೇಳದೆ ಹೇಳುವವರಲ್ಲ.

ನಿಮ್ಮ ಭಾವ,
ಟಾಚಿ

*

ಕೊನೊಂಗೊ
3 ಡಿಸೆಂಬರ್ 1997

ಮಗಳು ಸೆರ್ವಾಗೆ,

ನಿನ್ನ ಸೋದರಮಾವನ ಮನೆಯ ತೀರ್ಮಾನ ನಿನಗೆ ತಲುಪಿರಬೇಕು. ಅದನ್ನು ಪ್ರಶ್ನಿಸುವ ಅಧಿಕಾರ ನನಗಿಲ್ಲ. ನಿನ್ನ ಮುಂದೆ ಕೆಲವು ಸಂಗತಿಗಳನ್ನಿಡುವ ಅಧಿಕಾರ ಉಂಟು. ಆ ಗಾಡಿ ನಿನ್ನ ತೂಕದ ನಾಲ್ಕು ಪಟ್ಟಿದೆ. ಉರುಳಿದರೆ ನೀನೊಬ್ಬಳೇ ಎತ್ತಲಾರೆ. ಫುಫುಲ್ಸೊದಿಂದ ನಿಮ್ಮೂರಿನವರೆಗೆ ಕೆಂಪು ಜಲ್ಲಿಯ ದಾರಿ. ಮರದ ಲಾರಿಗಳು ಧೂಳೆಬ್ಬಿಸಿದಾಗ ಎದುರಿನದು ಕಾಣುವುದಿಲ್ಲ. ನೀನು ಬೇಡವೆಂದು ಬರೆದರೆ ಹಿರಿಯರು ಬೇರೆ ದಾರಿ ಯೋಚಿಸಬಹುದು. ನನ್ನ ಅಭಿಪ್ರಾಯ ಕೇಳಿದರೆ ಮಾತ್ರ ಹೇಳುತ್ತೇನೆ.

ಕಾರ್ಬ್ಯುರೇಟರುಗಳನ್ನು ಮರುಜೋಡಿಸಿ ಎಂಜಿನ್ನಿಗೆ ಕೂರಿಸಿದ್ದೇನೆ. ರಬ್ಬರ್ ಕೊರಳುಗಳು ಒಣಗಿ ಬಿರುಸಾಗಿದ್ದುದರಿಂದ ಬಿಸಿನೀರಿನಲ್ಲಿ ನೆನೆಸಿ ಏರಿಸಬೇಕಾಯಿತು. ಕೈಯಲ್ಲಿ ತಿರುಗಿಸುವ ಹಿಡಿ ಒಂದೇ ಆದರೂ ಅದರಿಂದ ಹೊರಡುವ ತಂತಿ ಎರಡು, ಎಡಕ್ಕೊಂದು ಬಲಕ್ಕೊಂದು. ಎರಡೂ ಬದಿ ಒಂದೇ ಕ್ಷಣ ತೆರೆದು ಒಂದೇ ಅಳತೆಯ ಗಾಳಿ ಎಳೆಯಬೇಕು. ಒಂದು ಮುಂದಾಗಿ ಇನ್ನೊಂದು ಹಿಂದುಳಿದರೆ ಗಾಡಿ ನಡುಗುತ್ತದೆ. ಹಿಡಿ ಬಿಟ್ಟಾಗ ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ನಡುರಸ್ತೆಯಲ್ಲಿ ನಿಂತದ್ದರ ಹಿಂದೆ ಏನು ಬರುತ್ತಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಕಿವಿಯ ಮೇಲೆ ನನಗೆ ನಂಬಿಕೆಯಿಲ್ಲ. ಸೆಳೆತವನ್ನು ಕಣ್ಣಿಂದ ಕಾಣಲು ಉದ್ದನೆಯ ಪಾರದರ್ಶಕ ಕೊಳವೆ ಬೇಕು. ಗ್ಲೂಕೋಸ್ ಏರಿಸುವ ಕೊಳವೆ ನಿನ್ನಲ್ಲಿ ಸಿಗುವುದಾದರೆ ಕಳಿಸು. ಹೊಸದಾಗಿರಲಿ.

ನಿನ್ನ ತಾಯಿ ಮೆಣಸನ್ನು ಪಕ್ಕದ ಮನೆಯಲ್ಲಿ ಅರೆದು ತರುತ್ತಿದ್ದಾಳೆ. ಬಟ್ಟಲು ವಾಪಸು ಕೇಳಿಲ್ಲ.

ಇತಿ,
ನಿನ್ನ ತಂದೆ

*

ದಮೊಂಗೊ
22 ಡಿಸೆಂಬರ್ 1997

ಅಪ್ಪಾ,

ಕೊಳವೆ ಕಳಿಸಿದ್ದೇನೆ, ಮೊಹರು ಒಡೆಯದ್ದು. ಟಾಚಿ ಮಾವನ ಲಾರಿಯ ಡ್ರೈವರ್ ತಂದು ಕೊಡುತ್ತಾನೆ.

ನಿಮ್ಮ ಸಂಗತಿಗಳನ್ನೆಲ್ಲ ಓದಿದೆ. ಇಲ್ಲಿ ನಮ್ಮ ಮೇಟ್ರನ್ ಮೆಮುನಾಟು ಅಕ್ಕ ಬೆನ್ನಿಗೆ ಮೊಮ್ಮಗಳನ್ನು ಕಟ್ಟಿಕೊಂಡು ಹೊಳೆಯಾಚೆಗೆ ಮೋಟಾರ್‌ಸೈಕಲ್ಲಿನಲ್ಲೇ ಹೋಗಿಬರುತ್ತಾರೆ. ಅವರದೇ ಗಾಡಿಯಲ್ಲಿ ನಾನು ಕಲಿತೆ. ನಿಮ್ಮ ಪತ್ರ ಓದಿ ಹೇಳಿದ್ದಕ್ಕೆ, "ನಿಮ್ಮಪ್ಪ ನಿಂಗೆ ಬೇಡ ಅಂತಿದ್ದಾರೋ, ಬೇಕಾದ್ರೆ ತಗೋ ಅಂತಿದ್ದಾರೋ? ದಕ್ಷಿಣದೋರ ಮಾತು ಹಿಂಗೇ, ಸಾರು ಜಾಸ್ತಿ, ಮೀನು ಹುಡುಕ್ಬೇಕು" ಎಂದು ನಕ್ಕರು.

ಹೋದ ವಾರ ಒಂದು ಹಳ್ಳಿಗೆ ನಡೆದು ತಲುಪುವಷ್ಟರಲ್ಲಿ ಪೆಟ್ಟಿಗೆಯ ಮಂಜುಗಡ್ಡೆ ಕರಗಿಹೋಗಿತ್ತು. ಲಸಿಕೆಯನ್ನೆಲ್ಲ ಚೆಲ್ಲಿ ಬರಿಗೈಯಲ್ಲಿ ಬಂದೆ. ತಾಯಂದಿರು ಸಾಲಾಗಿ ಕೂತಿದ್ದರು. ಆದ್ದರಿಂದ ಬೇಡವೆಂದು ನಾನು ಬರೆಯುವುದಿಲ್ಲ. ಗಾಡಿ ಬೇಕು.

ನಿಮ್ಮ ಪತ್ರದಲ್ಲಿ ರಬ್ಬರ್ ಕೊರಳಿದೆ, ತಂತಿಯಿದೆ, ಮರದ ಲಾರಿಯಿದೆ. ಅಣ್ಣನ ಹೆಸರು ಒಂದು ಕಡೆಯೂ ಇಲ್ಲ.

ನಿಮ್ಮ
ಸೆರ್ವಾ

*

ಕೊನೊಂಗೊ
10 ಜನವರಿ 1998

ಟಾಚಿ ಭಾವನವರಿಗೆ,

ಕೆಲಸ ಮುಗಿದಿದೆ. ಕೊಳವೆಯನ್ನು ಹಲಗೆಯ ಮೇಲೆ ಲಾಳದ ಆಕಾರಕ್ಕೆ ಬಗ್ಗಿಸಿ ಮೊಳೆ ಹೊಡೆದು, ಒಳಗೆ ತಾಳೆ ಎಣ್ಣೆ ತುಂಬಿಸಿದೆ. ಅದರ ಕೆಂಪು ದೂರದಿಂದಲೂ ಕಾಣುತ್ತದೆ. ಒಂದು ತುದಿ ಎಡಗಡೆಗೆ, ಇನ್ನೊಂದು ಬಲಗಡೆಗೆ. ಯಾವ ಬದಿ ಹೆಚ್ಚು ಎಳೆಯುತ್ತದೋ ಆ ಬದಿಯಲ್ಲಿ ಎಣ್ಣೆ ಮೇಲೇರಬೇಕು. ಈ ದಿನ ಬೆಳಿಗ್ಗೆ ಎಂಜಿನ್ ಹಚ್ಚಿದೆ. ಎರಡು ಕೆಂಪು ಗೆರೆಗಳೂ ಸಮನಾಗಿ ನಿಂತವು, ಕೂದಲೆಳೆಯಷ್ಟೂ ಅಲುಗಲಿಲ್ಲ. ಹಿಡಿ ತಿರುಗಿಸಿದೆ, ಆಗಲೂ ಅಲುಗಲಿಲ್ಲ.

ಸೋಮವಾರದ ನಂತರ ಲಾರಿ ಕಳಿಸಬಹುದು. ಸೆರ್ವಾಗೂ ಹೀಗೆಂದು ಬರೆದಿದ್ದೇನೆ.

ಇತಿ,
ಯಾ. ಸಾರ್ಪೋಂಗ್

*

ಕೊನೊಂಗೊ
12 ಜನವರಿ 1998

ಟಾಚಿ ಭಾವನವರಿಗೆ, ತುರ್ತು. ಇದನ್ನು ತಂದವನ ಕೈಯಲ್ಲೇ ಉತ್ತರ ಕಳಿಸಿ.

ಲಾರಿ ಬೇಡ. ಹೊರಟಿದ್ದರೆ ದಾರಿಯಲ್ಲೇ ತಡೆಯಿರಿ.

ಶನಿವಾರ ನಾನು ಬರೆದದ್ದು ಸುಳ್ಳು. ಸುಳ್ಳೆಂದು ಆಗ ನನಗೆ ತಿಳಿದಿರಲಿಲ್ಲ. ಮರುಭೂಮಿಯ ಕಡೆಯಿಂದ ಹರ್ಮಾಟಾನ್ ಚಳಿಗಾಳಿ ಬೀಸುವ ಈ ದಿನಗಳಲ್ಲಿ ಬೆಳಗಿನ ಹೊತ್ತು ತಾಳೆ ಎಣ್ಣೆ ಹೆಪ್ಪುಗಟ್ಟಿರುತ್ತದೆ. ಕೊಳವೆಯಲ್ಲಿದ್ದದ್ದು ಎಣ್ಣೆಯಲ್ಲ, ಮೇಣ. ಅದು ಅಲುಗುವ ಸ್ಥಿತಿಯಲ್ಲೇ ಇರಲಿಲ್ಲ. ನಾನು ಅದನ್ನು ಸಮತೋಲವೆಂದು ಓದಿದೆ. ಇಂದು ಮಧ್ಯಾಹ್ನ ಬಿಸಿಲು ಹಲಗೆಯ ಮೇಲೆ ಬಿದ್ದಿತ್ತು. ಆಫ್ರಕೋಮಾಳಿಗೆ ತೋರಿಸಲೆಂದು ಎಂಜಿನ್ ಹಚ್ಚಿದೆ. ಎಡಗಡೆಯ ಗೆರೆ ಒಮ್ಮೆಗೇ ನೆಗೆದು, ಕೊಳವೆಯೇರಿ, ನಾನು ಕೈಚಾಚುವಷ್ಟರಲ್ಲಿ ಎಂಜಿನ್ನಿನೊಳಗೆ ಹೊಕ್ಕಿತು. ಅಂಗಳ ತುಂಬ ಬಿಳಿ ಹೊಗೆ. ಬೇಲಿಯಾಚೆಯಿಂದ ಒಬ್ಬಾಕೆ, "ಮೇಷ್ಟ್ರೇ, ಬಾಳೆಹಣ್ಣು ಕರೀತಿದ್ದೀರಾ? ನಮಗೂ ಒಂದೆರಡು ಇರ್ಲಿ" ಎಂದು ಕೂಗಿದಳು. ಆಫ್ರಕೋಮಾ ಹೊಗೆಯಲ್ಲಿ ಕೆಮ್ಮುತ್ತ, "ದಿನಾ ಬೆಳಿಗ್ಗೆ ಆ ಬಾಟ್ಲಿನ ಬಿಸಿಲಲ್ಲಿಟ್ಟು ಕರಗಿಸ್ತೀನಲ್ಲ, ಮೂವತ್ತು ವರ್ಷದಿಂದ ನೋಡೇ ಇಲ್ವಾ ನೀವು?" ಎಂದಳು. ಕಾರ್ಯ ಮುಗಿದಂದಿನಿಂದ ಅವಳು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ನೀವು ಶನಿವಾರವೇ ಲಾರಿ ಕಳಿಸಿದ್ದರೆ? ನಾನು ಅದರಾಚೆಗೆ ಬರೆಯಲಾರೆ. ಎಡಬದಿ ಬಲಬದಿಗಿಂತ ಬಹಳ ಮುಂದಿದೆ. ಆ ಗಾಡಿಯನ್ನು, ಸಮನಾಗಿದೆಯೆಂಬ ನನ್ನ ಕೈಬರಹದ ಭರವಸೆಯೊಂದಿಗೆ, ನಾನು ಅವಳಿಗೆ ಕಳಿಸುವವನಿದ್ದೆ.

ಇತಿ,
ಯಾ. ಸಾ.

*

ಜುವಾಸೊ
2 ಮಾರ್ಚ್ 1998

ಮೇಷ್ಟ್ರೇ,

ಜನವರಿಯಲ್ಲಿ ತಾಳೆ ಎಣ್ಣೆ ಎಂದಿರಿ, ನಂಬಿದೆ. ಹೊಲಿಗೆ ಯಂತ್ರದ ಎಣ್ಣೆ ಹಾಕಿ ಮತ್ತೆ ಅಳೆಯುತ್ತೇನೆ ಎಂದಿರಿ, ಕಾದೆ. ಫೆಬ್ರವರಿಯಲ್ಲಿ ಡ್ರೈವರ್ ಬಂದಾಗ ತಂತಿ ಹೊಸದು ಬೇಕೆಂದಿರಿ. ಹೋದ ವಾರ ಬಂದಾಗ ರಬ್ಬರಿನಲ್ಲಿ ಬಿರುಕು ಕಂಡಿತೆಂದಿರಿ. ಅವನು ವಾಪಸು ಬಂದು ಹೇಳಿದ್ದು ಇದು: "ಯಜಮಾನ್ರೇ, ಗಾಡಿ ಗಡಿಯಾರದ ಥರ ಓಡ್ತಿದೆ. ಮೇಷ್ಟ್ರು ಮಾತ್ರ ಅದರ ಮುಂದೆ ಕಾವಲು ಕೂತ ಹಾಗೆ ಕೂತಿದ್ದಾರೆ."

ನಾನು ಒರಟಾಗಿ ಕೇಳುತ್ತೇನೆ, ಕ್ಷಮಿಸಿ. ಚರ್ಚಾಕೂಟದಲ್ಲಿ ಹೊತ್ತು ಮೀರಿದರೆ ಗಂಟೆ ಬಾರಿಸುತ್ತಿದ್ದರೆಂದು ನೀವೇ ಹೇಳುತ್ತಿದ್ದಿರಿ. ಇಲ್ಲಿ ಬಾರಿಸುವವರಿಲ್ಲವೆಂದು ವಾದ ಬೆಳೆಸುತ್ತಿದ್ದೀರಾ? ಮನೆಯಲ್ಲಿ ಮಾತು ಎದ್ದಿದೆ: "ಗಾಡಿ ಬಿಟ್ಟುಕೊಡೋಕೆ ಮನಸ್ಸಿಲ್ಲ, ಅದಕ್ಕೇ ನೆಪ." ನಾನು ಹಾಗಲ್ಲವೆಂದೆ. ಮತ್ತೇನೆಂದು ಅವರು ಕೇಳಿದ್ದನ್ನೇ ನಿಮ್ಮನ್ನು ಕೇಳುತ್ತಿದ್ದೇನೆ.

ಟಾಚಿ

*

ದಮೊಂಗೊ
19 ಏಪ್ರಿಲ್ 1998

ಅಪ್ಪಾ,

ಮಾವ ಪತ್ರ ಬರೆದಿದ್ದಾರೆ, ಅಮ್ಮನೂ ಬರೆಸಿದ್ದಾಳೆ. ಗಾಡಿ ಸರಿಹೋಗಿದೆ ಎಂದು ಇಬ್ಬರೂ ಹೇಳುತ್ತಾರೆ, ನೀವೊಬ್ಬರು ಬಿಟ್ಟು.

ಒಂದೇ ಪ್ರಶ್ನೆ. ಅದು ಸಮನಾಗುತ್ತಿಲ್ಲವೋ, ಸಮನಾಗುವುದು ನಿಮಗೆ ಬೇಡವೋ? ಉತ್ತರಿಸಲಾಗದಿದ್ದರೆ ಬರೆಯಬೇಡಿ. ನಾನು ನಡೆಯುವುದು ನಿಂತಿಲ್ಲ. ಮೊನ್ನೆ ಬಸ್ಸು ಸಿಗದೆ ಗೊಬ್ಬರದ ಲಾರಿಯ ಹಿಂದೆ, ಮೂಟೆಗಳ ಮೇಲೆ ಕೂತು ಬಂದೆ. ಡ್ರೈವರ್ ಕುಡಿದಿದ್ದ. ಮೋಟಾರ್‌ಸೈಕಲ್ ಇಲ್ಲದಿದ್ದರೆ ನಾನು ಮನೆಯಲ್ಲಿ ಕೂರುತ್ತೇನೆಂದು ನೀವು ಭಾವಿಸಿರಬಹುದು.

ಅಣ್ಣನೂ ಕೂರಲಿಲ್ಲ.

ಸೆರ್ವಾ

*

ಕೊನೊಂಗೊ
30 ಜೂನ್ 1998

ಮಗಳು ಸೆರ್ವಾಗೆ,

ನಿನ್ನ ಏಪ್ರಿಲ್ ತಿಂಗಳ ಪತ್ರವನ್ನು ಅನೇಕ ಸಲ ಓದಿದೆ. ಅದರ ಕೊನೆಯ ವಾಕ್ಯಕ್ಕೆ ಪ್ರತಿವಾದವಿಲ್ಲ.

ಎರಡು ಬದಿಗಳೂ ಸಮನಾಗಿವೆ. ಫೆಬ್ರವರಿಯಿಂದಲೇ ಸಮನಾಗಿವೆ. ಬೆಳಿಗ್ಗೆ ಅಳೆದಿದ್ದೇನೆ, ಬಿಸಿಲಿನಲ್ಲಿ ಅಳೆದಿದ್ದೇನೆ, ಮಳೆ ಹಿಡಿದ ಸಂಜೆ ತೋಯ್ದುಕೊಂಡು ಅಳೆದಿದ್ದೇನೆ. ಗೆರೆಗಳು ಸಮನಾಗಿ ನಿಂತಷ್ಟೂ ನನಗೆ ಭಯ ಹೆಚ್ಚುತ್ತದೆ, ಏಕೆಂದರೆ ಅವು ಒಮ್ಮೆ ಹಾಗೆಯೇ ನಿಂತು ನನ್ನನ್ನು ನಂಬಿಸಿದ್ದವು. ಅಂಗಳದಲ್ಲಿ ನಿಂತ ಗಾಡಿ ಅಂಗಳದಲ್ಲಿ ನಿಂತ ಗಾಡಿಯ ವಿಷಯವನ್ನಷ್ಟೇ ಹೇಳುತ್ತದೆ; ದಾರಿಯ ವಿಷಯ ಅದಕ್ಕೆ ಗೊತ್ತಿಲ್ಲ. ಈ ಒಂದು ಅಂಶ ಇನ್ನೂ ಇತ್ಯರ್ಥವಾಗಿಲ್ಲ. ಅದನ್ನು ಇತ್ಯರ್ಥಪಡಿಸುವ ಬಗೆ ಯೋಚಿಸುತ್ತಿದ್ದೇನೆ.

ಬೊಆದಿ ಎಡಗಡೆಯ ತಿರುಪನ್ನು ಯಾವಾಗಲೂ ಸ್ವಲ್ಪ ಸಡಿಲ ಬಿಡುತ್ತಿದ್ದನಂತೆ. ಅದರ ತಲೆ ಅವನ ಸ್ಕ್ರೂಡ್ರೈವರಿನಿಂದ ಸವೆದಿದೆ. ನಾನು ಅದನ್ನು ಬದಲಿಸಿಲ್ಲ.

ಕುಡಿದ ಡ್ರೈವರಿನ ಲಾರಿ ಹತ್ತಬೇಡ. ಇದು ಅಭಿಪ್ರಾಯವಲ್ಲ.

ನಿನ್ನ ತಂದೆ

*

ಜುವಾಸೊ
20 ಸೆಪ್ಟೆಂಬರ್ 1998

ಮೇಷ್ಟ್ರೇ,

ವರ್ಷದ ಕರ್ಮ ಅಕ್ಟೋಬರಿನ ಕೊನೆಯ ಶನಿವಾರ. ಗಾಡಿಯನ್ನು ಅಂಗಳದ ನಡುವೆ ನಿಲ್ಲಿಸಿ, ಗತಿಸಿದ ಹಿರಿಯರ ಹೆಸರಿನಲ್ಲಿ ಅದರ ಚಕ್ರದ ಬಳಿ ಜಿನ್ ಮದ್ಯ ಎರೆದು, ಕೀಲಿಕೈಯನ್ನು ನೀವು ನನ್ನ ಕೈಗೆ ಹಾಕಬೇಕು. ಭಾನುವಾರ ಲಾರಿ ಹೊರಡುತ್ತದೆ. ಇನ್ನು ಮುಂದೂಡಿದರೆ ಮನೆಯವರೇ ಬಂದು ಎಳೆದೊಯ್ಯುತ್ತಾರೆ, ನಾನು ತಡೆಯಲಾರೆ.

ಇನ್ನೊಂದು. ನಿಮ್ಮೂರಿನಿಂದ ಸಂತೆಗೆ ಬಂದ ಹೆಂಗಸರು ಹೇಳುತ್ತಿದ್ದರು: "ಶಾಲೆ ಮೈದಾನದಲ್ಲಿ ಬೆಳಬೆಳಿಗ್ಗೆ ನಿಮ್ಮ ಭಾವ ಮೋಟಾರ್‌ಸೈಕಲ್ ಮೇಲೆ ಸುತ್ತು ಹಾಕ್ತಾರೆ. ಹೋದ ಮಂಗಳವಾರ ಗೋಲ್ ಕಂಬಕ್ಕೆ ಗುದ್ದಿ ಗಾಡಿ ಸಮೇತ ಬಿದ್ರು. ಎತ್ತೋಕೆ ಹೋದ್ರೆ 'ಮುಟ್ಬೇಡಿ' ಅಂತ ಗದರಿಸಿದ್ರು." ನಾನು ನಂಬಲಿಲ್ಲ. ನೀವು ಕಿರಿಯ ಮೇಷ್ಟ್ರಾಗಿದ್ದಾಗ ಒಂದು ಪುಟ್ಟ ಗಾಡಿ ಓಡಿಸುತ್ತಿದ್ದದ್ದು ನೆನಪಿದೆ, ಅದನ್ನೂ ಇಳಿಜಾರಿನಲ್ಲಿ ಇಳಿದು ತಳ್ಳಿಕೊಂಡು ಬರುತ್ತಿದ್ದಿರಿ.

ಮಂಡಿ ಹೇಗಿದೆ?

ಟಾಚಿ

*

ಕೊನೊಂಗೊ
30 ಅಕ್ಟೋಬರ್ 1998

ಟಾಚಿ ಭಾವನವರಿಗೆ, ಮತ್ತು ನಾಳೆ ಅವರ ಅಂಗಳದಲ್ಲಿ ಸೇರುವ ಎಲ್ಲರಿಗೆ,

ಒಂದು ವರ್ಷ ನನ್ನನ್ನು ಸಹಿಸಿದ್ದಕ್ಕೆ ನಿಮಗೆ ಕೃತಜ್ಞತೆಗಳು. ಇದನ್ನು ತರುವವಳು ಆಫ್ರಕೋಮಾ. ಅವಳ ಪಕ್ಕದ ಕುರ್ಚಿಯಲ್ಲಿ ನಾನಿಲ್ಲ, ಅಂಗಳದ ನಡುವೆ ಗಾಡಿಯೂ ಇಲ್ಲ. ಜಿನ್ ಎರೆಯುವುದನ್ನು ಅದಕ್ಕಾಗಿ ನಿಲ್ಲಿಸಬೇಡಿ. ಹಿರಿಯರಿಗೆ ನೆಲ ಸಾಕು.

ಗಾಡಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲವೆಂದು ನಿಮ್ಮಲ್ಲಿ ಕೆಲವರು ಹೇಳಿದ್ದೀರಿ. ಆರೋಪದಲ್ಲಿ ಅರ್ಧ ನಿಜವಿದೆ. ಗಾಡಿಯ ಆಸೆ ನನಗಿಲ್ಲ. ಅದು ಹೊರಟ ಮೇಲೆ ಪ್ರತಿ ಸಂಜೆ ದಮೊಂಗೊದಿಂದ ಬರುವ ಬಸ್ಸಿನವರ ಮುಖ ನೋಡಿಕೊಂಡು ನಿಲ್ಲುವ ಶಕ್ತಿ ನನಗಿಲ್ಲ. ಆದರೆ ಗಾಡಿ ನಿಂತರೆ ದಾರಿ ನಿಲ್ಲುವುದಿಲ್ಲವೆಂದು ನನ್ನ ಮಗಳು ನನಗೆ ಸಾಧಿಸಿ ತೋರಿಸಿದ್ದಾಳೆ. ಸಾಧಿಸಿದ ಮಾತನ್ನು ನಾನು ಒಪ್ಪುತ್ತೇನೆ.

ಮಣ್ಣಿನ ಬಟ್ಟಲನ್ನು ಬೂದಿ ಹಾಕಿ ತೊಳೆದು ಅದರ ಒಡತಿಗೆ ನಿನ್ನೆ ಮರಳಿಸಿದೆ. ಅವಳು ಮೂಸಿ ನೋಡಿ, "ಇನ್ನೂ ಪೆಟ್ರೋಲ್ ವಾಸ್ನೆ" ಎಂದಳು. ಆಮೇಲೆ ಅದರಲ್ಲೇ ಮೆಣಸು ಅರೆದಳು. ಊಟದಲ್ಲಿ ಆ ವಾಸನೆ ಇತ್ತು. ಇಬ್ಬರೂ ತಟ್ಟೆ ಖಾಲಿ ಮಾಡಿದೆವು.

ಈಗ ನನ್ನ ಕೊನೆಯ ವಾದ. ಸತ್ತ ಮಗುವಿಗೆ ಪೆಟ್ಟಿಗೆ ಕೊಡುವುದು ತಂದೆಯ ಕೆಲಸವೆಂದು ನಮ್ಮ ಕಟ್ಟಳೆ ಹೇಳುತ್ತದೆ. ಪೆಟ್ಟಿಗೆ ನನ್ನ ಕೆಲಸವಾದರೆ, ಎರಡನೆಯ ಪೆಟ್ಟಿಗೆ ಬೇಕಾಗದಂತೆ ನೋಡಿಕೊಳ್ಳುವುದು ಇನ್ನಾರ ಕೆಲಸ? ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ನಾನು ಹಿಂದಿರುಗಿದ ಮೇಲೆ ಕೇಳುತ್ತೇನೆ. ಲಾರಿಯ ಮೇಲೆ ಹಗ್ಗ ಬಿಗಿದುಕೊಂಡು ಹೋದ ಗಾಡಿಯ ವಿಷಯ ಲಾರಿಗೆ ಗೊತ್ತಿರುತ್ತದೆ, ನನಗಲ್ಲ. ಕಿಂಟಾಂಪೊದ ಏರಿನಲ್ಲಿ ಎರಡು ಬದಿಗಳೂ ಒಟ್ಟಿಗೆ ಎಳೆಯುತ್ತವೆಯೇ, ಲಾರಿಯೊಂದು ಹಿಂದಿರುವಾಗ ಹಿಡಿ ಬಿಟ್ಟರೆ ಎಂಜಿನ್ ಬದುಕಿರುತ್ತದೆಯೇ, ಕೆಂಪು ಜಲ್ಲಿಯಲ್ಲಿ ತಿರುಪುಗಳು ನಿಂತ ಜಾಗದಲ್ಲಿ ನಿಲ್ಲುತ್ತವೆಯೇ: ಇವನ್ನು ನನ್ನ ಮಗಳ ಮೈಯಿಂದ ಪರೀಕ್ಷಿಸಲು ನಾನು ಒಪ್ಪುವುದಿಲ್ಲ. ಪರೀಕ್ಷೆಗೆ ನನ್ನ ಮೈ ಇದೆ. ಮಂಡಿ ವಾಸಿಯಾಗಿದೆ.

ಹಲಗೆ, ಕೊಳವೆ ಮತ್ತು ಬೊಆದಿಯ ಸ್ಕ್ರೂಡ್ರೈವರನ್ನು ಹಿಂದೆ ಕಟ್ಟಿಕೊಂಡಿದ್ದೇನೆ. ದಾರಿಯಲ್ಲಿ ಸಂದೇಹ ಬಂದಲ್ಲೆಲ್ಲ ನಿಲ್ಲಿಸಿ ಅಳೆಯುತ್ತೇನೆ. ಬುಯಿಪೆಯ ಸೇತುವೆ ತಲುಪುವಷ್ಟರಲ್ಲಿ ಗಾಡಿ ನನ್ನ ನಂಬಿಕೆ ಗಳಿಸದಿದ್ದರೆ ಅದನ್ನು ಹೊಳೆಗೆ ದೂಡಿ, ಮುಂದಕ್ಕೆ ನಡೆದುಹೋಗಿ ಸೆರ್ವಾಳ ಮುಂದೆ ನಿಂತು ಕಾರಣ ಹೇಳುತ್ತೇನೆ. ಗಳಿಸಿದರೆ, ಕೀಲಿಕೈ ನೇರ ಅವಳ ಕೈಗೆ. ನಿಮ್ಮ ಕಟ್ಟಳೆಯಲ್ಲಿ ಇದಕ್ಕೆ ದಂಡವೇನೋ ಅದನ್ನು ನಿಗದಿ ಮಾಡಿಡಿ.

ನಾನು ಯಾರನ್ನೂ ಕೇಳಿಲ್ಲ, ಆಫ್ರಕೋಮಾಳನ್ನೂ ಕೇಳಿಲ್ಲ. ಈ ಪತ್ರ ಅವಳ ಕೈಗೆ ಕೊಡುವ ತನಕ ಅವಳಿಗೂ ತಿಳಿಯದು. ಯಾರೂ ಹಿಂದೆ ಲಾರಿ ಕಳಿಸಬೇಡಿ. ನೀವು ಇದನ್ನು ಓದುವ ಹೊತ್ತಿಗೆ ನಾನು ಕುಮಾಸಿ ದಾಟಿರುತ್ತೇನೆ. ದಮೊಂಗೊದವರೆಗೆ ಆ ಗಾಡಿಯನ್ನು ನಾನೇ ಓಡಿಸಿಕೊಂಡು ಹೋಗುತ್ತಿದ್ದೇನೆ.

ಇತಿ,
ಬೊಆದಿ ಮತ್ತು ಸೆರ್ವಾ ಇವರ ತಂದೆ,
ಯಾವ್ ಸಾರ್ಪೋಂಗ್